ಏಳು ಬೀಜದ ಬಾಬಾ

ಬೈಟು ಕಾಫಿ ಹೇಳಿ ಬಸ್ಸಿಗೆ ಕಾಯುತ್ತಿರುವವರೇ, ಒಂದು ನಿಮಿಷ. ನಿಮ್ಮ ಕೈಲಿರುವ ಆ ಅರ್ಧ ಲೋಟಕ್ಕೆ ಮೂಲಪುರುಷ ಯಾರು ಗೊತ್ತೆ? ಸಾಹುಕಾರನಲ್ಲ, ದೊರೆಯಲ್ಲ. ನಮ್ಮದೇ ಬೆಟ್ಟದ ಒಬ್ಬ ಸೂಫಿ ಫಕೀರ. ಬಾಬಾ ಬುಡನ್.

17ನೇ ಶತಮಾನದ ಮಾತು. ಬಾಬಾ ಮೆಕ್ಕಾ ಯಾತ್ರೆಗೆ ಹೊರಟರು. ಆಗ ಕಾಫಿ ಅಂದರೆ ಯೆಮನ್ ದೇಶ, ಯೆಮನ್ ಅಂದರೆ ಮೋಕಾ ಬಂದರು. ರಾತ್ರಿಯಿಡೀ ದೇವರ ಧ್ಯಾನ ಮಾಡುವ ಸೂಫಿಗಳು ನಿದ್ದೆ ಬಾರದಿರಲೆಂದು ಇದನ್ನು ಕುಡೀತಿದ್ದರು. 1511ರಲ್ಲಿ ಮೆಕ್ಕಾದ ಅಧಿಕಾರಿಯೊಬ್ಬ ಇದನ್ನು ನಿಷೇಧಿಸಿಯೂ ನೋಡಿದ. ಜನ ಬಿಡಬೇಕಲ್ಲ! ಕಾಫಿ ಉಳೀತು, ನಿಷೇಧ ಹೋಯ್ತು.

ಆದರೆ ಯೆಮನ್ನಿನವರು ವ್ಯಾಪಾರದಲ್ಲಿ ಪಕ್ಕಾ. ಮೊಳಕೆ ಬರುವ ಬೀಜ ಹೊರದೇಶಕ್ಕೆ ಹೋಗಕೂಡದು, ಬೇಯಿಸಿಯೋ ಹುರಿದೋ ಕಳಿಸಬೇಕು ಎಂಬ ಕಟ್ಟುನಿಟ್ಟು ಅಲ್ಲಿತ್ತಂತೆ. ಬಾಬಾ ಮಾತ್ರ ಏಳು ಹಸಿ ಬೀಜ ತಂದೇಬಿಟ್ಟರು. ಸೊಂಟಕ್ಕೆ ಕಟ್ಟಿಕೊಂಡು ತಂದರೆಂದು ಕೆಲವರು, ಗಡ್ಡದಲ್ಲಿ ಅಡಗಿಸಿ ತಂದರೆಂದು ಕೆಲವರು. ಏಳೇ ಏಕೆ? ಮುಸ್ಲಿಮರಿಗೆ ಅದು ಪವಿತ್ರ ಸಂಖ್ಯೆ. ಇಸವಿ 1670ರ ಸುಮಾರು ಎಂಬುದು ವಾಡಿಕೆ. ಚಂದ್ರದ್ರೋಣ ಪರ್ವತದ ತಮ್ಮ ಗುಹೆಯ ಹತ್ತಿರ ಅವನ್ನು ಊರಿದರು. ಗಿಡ ಎದ್ದಿತು. ಬೆಟ್ಟಕ್ಕೆ ಬಾಬಾ ಬುಡನ್‌ಗಿರಿ ಎಂಬ ಹೆಸರು ನಿಂತಿತು.

ಕಾನೂನಿನ ಕಣ್ಣಲ್ಲಿ ನೋಡಿದರೆ ಇದು ಕಳ್ಳಸಾಗಣೆಯೇ. ಆದರೆ ಬಾಬಾ ಅದರಿಂದ ಒಂದು ಕಾಸು ಗಳಿಸಿದ್ದು ಯಾವ ಕಥೆಯಲ್ಲೂ ಇಲ್ಲ. ಗಿಡ ಜನರ ಹಿತ್ತಲಿಗೆ ಇಳಿಯಿತು. ಕಾಸು ಎಣಿಸಿದವರು ನಂತರ ಬಂದರು. 1820ರ ದಶಕದಿಂದ ಇಂಗ್ಲಿಷ್ ದೊರೆಗಳು ಕಾಡು ಸವರಿ ಎಸ್ಟೇಟ್ ಎಬ್ಬಿಸಿದರು.

ಮುಂದಿನ ತಮಾಷೆ ಕೇಳಿ. ಯೆಮನ್ನಿನ ಬೀಗ ಮುರಿದು ಬಂದ ಈ ಬೀಜಕ್ಕೆ ನಮ್ಮ ಸರ್ಕಾರವೇ ಇನ್ನೊಂದು ಬೀಗ ಹಾಕಿತು. 1940ರ ದಶಕದಿಂದ 1990ರ ದಶಕದವರೆಗೆ ಬೆಳೆದವನು ತನ್ನ ಕಣದ ಕಾಫಿ ತಾನೇ ಮಾರುವಂತಿರಲಿಲ್ಲ. ಕಾಫಿ ಬೋರ್ಡಿನ ಪೂಲಿಗೆ ಸುರಿದು, ಹಣ ಕಂತು ಕಂತಾಗಿ ಬರೋದನ್ನು ಕಾಯಬೇಕಿತ್ತು. ಬಾಬಾ ಇದ್ದಿದ್ದರೆ ನಕ್ಕಿರುತ್ತಿದ್ದರು.

ಬೀಜ ಒಂದೇ, ಕುಡಿಯೋ ರೀತಿ ಊರಿಗೊಂದು. ಯೆಮನ್ನಿನಲ್ಲಿ ಬೀಜ ಮಾರಿ ಸಿಪ್ಪೆಯನ್ನು ಶುಂಠಿ ಹಾಕಿ ಕುದಿಸಿ ಕುಡೀತಾರೆ, ಅದಕ್ಕೆ ಕಿಶರ್ ಅಂತಾರೆ. ಅರಬರದು ಏಲಕ್ಕಿ ಹಾಕಿದ ಕಹ್ವಾ, ಹಾಲಿಲ್ಲ. ತುರ್ಕಿಯವರು ಸೋಸೋದೇ ಇಲ್ಲ, ಗಸಿ ತಳಕ್ಕೆ ಕೂರೋವರೆಗೆ ಕಾಯ್ತಾರೆ. ಮಲೆನಾಡಿನ ಹಳೇ ಮನೆಗಳಲ್ಲಿ ಬೆಲ್ಲದ ನೀರಿಗೆ ಪುಡಿ ಹಾಕಿ ಬಟ್ಟೇಲಿ ಸೋಸ್ತಿದ್ದರು. ಪೇಟೆಯವರಿಗೆ ಫಿಲ್ಟರು, ಡಿಕಾಕ್ಷನ್ನು, ಹಾಲು, ಮೇಲೆ ಒಂದಿಷ್ಟು ಚಿಕೋರಿ.

ಬೆಟ್ಟದ ಗುಹೆಗೆ ದತ್ತಾತ್ರೇಯ ಪೀಠವೆಂದು ಹಿಂದೂಗಳು, ದರ್ಗಾ ಎಂದು ಮುಸ್ಲಿಮರು ತಲೆತಲಾಂತರದಿಂದ ಹತ್ತಿದ್ದಾರೆ. ಈಚಿನ ದಶಕಗಳಲ್ಲಿ ಆ ಜಾಗದ ಹೆಸರು ಬಂದರೆ ಕೋರ್ಟು, ಪೊಲೀಸು, ಬಂದೋಬಸ್ತು ನೆನಪಾಗುವಂತಾಗಿದೆ. ತಕರಾರು ಏನೇ ಇರಲಿ, ಬೆಟ್ಟದ ಕೆಳಗಿನ ಹೋಟೆಲಿನಲ್ಲಿ ಎರಡೂ ಕಡೆಯವರು ಕೇಳೋದು ಒಂದೇ ಕಾಫಿ.

ಬಸ್ಸು ಬಂತು. ಲೋಟ ಇಟ್ಟು ಹತ್ತಿ. ತಳದಲ್ಲಿ ಉಳಿದ ಒಂದು ಗುಟುಕು ಬಾಬಾನ ಲೆಕ್ಕಕ್ಕಿರಲಿ.