ಹಗೇವಿನ ರಾಗಿಯೂ ಉಸಿರಾಡುತ್ತದೆ



ನಿಮ್ಮ ಮನೆಯಲ್ಲಿ ರಾಗಿ ಮುದ್ದೆಯೋ ರಾಗಿ ರೊಟ್ಟಿಯೋ ಆಗುವಾಗ ಹಿಟ್ಟು ಅಂಗಡಿಯ ಪೊಟ್ಟಣದಿಂದ ಬರುತ್ತದೆ. ಪೊಟ್ಟಣ, ಫ್ರಿಜ್ ಯಾವುದೂ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಇದೇ ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರು. ಹೇಗೆ ಎಂದು ತಿಳಿದರೆ, ನಿಮ್ಮ ಮೈಯೊಳಗೆ ಶಕ್ತಿ ಹೇಗೆ ಹುಟ್ಟುತ್ತದೆ ಎಂಬುದೂ ಅರ್ಥವಾಗುತ್ತದೆ.

ಬೆಂಗಳೂರಿನ ಉತ್ತರಕ್ಕೆ, ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ರಾಜಘಟ್ಟ ಎಂಬ ಊರಿದೆ. 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಇಲ್ಲಿ ಉತ್ಖನನ ಮಾಡಿದಾಗ ಪ್ರಾಚೀನ ಬೌದ್ಧ ನೆಲೆಯ ಅವಶೇಷಗಳೂ ಜೇಡಿಮಣ್ಣಿನ ಪುಟ್ಟ ಸ್ತೂಪಗಳೂ ಸಿಕ್ಕವು. ಅಷ್ಟು ಹಿಂದಿನಿಂದ ಜನ ಬಾಳಿದ ಈ ಸೀಮೆ, ಮಳೆ ನಂಬಿ ರಾಗಿ ಬೆಳೆಯುವ ಸೀಮೆ. ಮಳೆ ಕೈಕೊಟ್ಟ ವರ್ಷವೂ ಹೊಟ್ಟೆ ತುಂಬಬೇಕಲ್ಲ? ಅದಕ್ಕೆ ಹಳೆ ಮೈಸೂರು ಸೀಮೆಯ ರೈತರು ಕಂಡುಕೊಂಡ ದಾರಿಯೇ ಹಗೇವು.

ಹಗೇವು ಎಂದರೆ ನೆಲದೊಳಗಿನ ಕಣಜ. ನೀರು ನಿಲ್ಲದ ಗಟ್ಟಿ ನೆಲದಲ್ಲಿ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ಇರುವಂತೆ ಗುಂಡಿ ತೋಡುತ್ತಿದ್ದರು. ಒಳಗೆ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆಯುವ ದಿನ ಯಾರೂ ಥಟ್ಟನೆ ಒಳಗಿಳಿಯುತ್ತಿರಲಿಲ್ಲ. ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗಿಳಿಯುವಂತಿಲ್ಲ.

ದೀಪ ಆರುವುದೇಕೆ? ರಾಗಿಯ ಕಾಳು ಜೀವಂತ ಬೀಜ. ಗಿಡ ಬಿಸಿಲಿನಿಂದ ಪಡೆದ ಶಕ್ತಿ ಆ ಕಾಳಿನಲ್ಲಿ ಪಿಷ್ಟವಾಗಿ ಕೂತಿರುತ್ತದೆ. ಕಾಳಿನ ಜೀವಕೋಶಗಳು ಸುತ್ತಲಿನ ಆಮ್ಲಜನಕವನ್ನು ಬಳಸಿ ಈ ಪಿಷ್ಟವನ್ನು ಬಹಳ ನಿಧಾನವಾಗಿ ಕರಗಿಸುತ್ತಾ ಬದುಕಿರುತ್ತವೆ. ಆಗ ಹೊರಬರುವುದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಶಾಖ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ದೀಪ ಆರುವುದು ಅದರಿಂದಲೇ. ಹುಳುಗಳು ಬದುಕುವುದಿಲ್ಲ, ಕಾಳಿನ ಉಸಿರಾಟವೂ ಇನ್ನಷ್ಟು ನಿಧಾನವಾಗುತ್ತದೆ. ರಾಗಿ ಉಳಿಯುವುದು ಹೀಗೆ. ಕಾಳು ಹಸಿಯಾಗಿದ್ದರೆ ಉಸಿರಾಟ ಜೋರಾಗಿ, ಕಾವು ಏರಿ, ಬೂಷ್ಟು ಹಿಡಿಯುತ್ತದೆ. ಒಣಗಿಸುವುದರಲ್ಲಿ ರೈತರು ಅಷ್ಟು ಎಚ್ಚರ ವಹಿಸುತ್ತಿದ್ದುದು ಇದಕ್ಕೇ.

ಇನ್ನು ನಿಮ್ಮ ಮೈಗೆ ಬರೋಣ. ನೀವು ಉಂಡ ಮುದ್ದೆಯ ಪಿಷ್ಟ ಬಾಯಿ, ಸಣ್ಣ ಕರುಳಿನಲ್ಲಿ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ಜೀವಕೋಶಗಳು, ಮುಖ್ಯವಾಗಿ ಅವುಗಳೊಳಗಿನ ಮೈಟೊಕಾಂಡ್ರಿಯಾ ಎಂಬ ಪುಟ್ಟ ಭಾಗಗಳು, ಆಮ್ಲಜನಕದ ನೆರವಿನಿಂದ ಅದರ ಶಕ್ತಿಯನ್ನು ಹಂತ ಹಂತವಾಗಿ ಬಿಡಿಸಿ ಎಟಿಪಿ ಎಂಬ ಅಣುವಿಗೆ ತುಂಬುತ್ತವೆ. ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಸಿಗುತ್ತವೆ. ಎಟಿಪಿಯಲ್ಲಿ ಮೂರು ಫಾಸ್ಫೇಟ್‌ಗಳು ಸಾಲಾಗಿರುತ್ತವೆ. ಕೊನೆಯದು ಕಳಚಿದಾಗ ದೊರೆಯುವ ಶಕ್ತಿಯಿಂದ ನಿಮ್ಮ ಸ್ನಾಯು ಕುಗ್ಗುತ್ತದೆ, ಮಿದುಳು ಯೋಚಿಸುತ್ತದೆ. ಕಳಚಿದ ಫಾಸ್ಫೇಟನ್ನು ಮತ್ತೆ ಜೋಡಿಸಿದರೆ ಎಟಿಪಿ ಮರಳಿ ಸಿದ್ಧ.

ಓಡುವಾಗ ಸ್ನಾಯುವಿನಲ್ಲಿರುವ ಎಟಿಪಿ ಕೆಲವೇ ಸೆಕೆಂಡುಗಳಿಗೆ ಸಾಲುತ್ತದೆ. ಅದು ಅಡುಗೆಮನೆಯ ಹಿಟ್ಟಿನ ಡಬ್ಬಿಯ ಹಾಗೆ, ಆಗಾಗ ತುಂಬುತ್ತಲೇ ಇರಬೇಕು. ಮೈಯ ಹಗೇವು ಬೇರೆಯಿದೆ: ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೂಕೋಸಿನಿಂದಾದ ಗ್ಲೈಕೊಜೆನ್, ಚರ್ಮದ ಕೆಳಗೆ ಕೊಬ್ಬು.

ಎಟಿಪಿಯನ್ನು 1929ರಲ್ಲಿ ಜರ್ಮನಿಯಲ್ಲಿ ಕಾರ್ಲ್ ಲೋಹ್‌ಮನ್, ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಮತ್ತು ಯಲ್ಲಾಪ್ರಗಡ ಸುಬ್ಬರಾವ್ ಬೇರೆ ಬೇರೆಯಾಗಿ ಕಂಡುಹಿಡಿದರು. ಸುಬ್ಬರಾವ್ ನಮ್ಮ ನೆರೆಯ ಆಂಧ್ರದ ಭೀಮಾವರದವರು. ಊರು ಬಿಟ್ಟು ಕಡಲು ದಾಟಿ ಹೋದವರು.

ಎಟಿಪಿಯ ಹೆಸರು ಹಗೇವು ತೋಡಿದ ರೈತನಿಗೆ ಗೊತ್ತಿರಲಿಲ್ಲ. ಆದರೆ ಕಾಳನ್ನು ಒಣಗಿಸಬೇಕು, ಗಾಳಿ ತಡೆಯಬೇಕು, ದೀಪ ಇಳಿಸಿ ನೋಡಬೇಕು ಎಂಬುದನ್ನು ಆತ ನೋಡಿ, ಮಾಡಿ ಕಲಿತಿದ್ದ. ಅದೂ ವಿಜ್ಞಾನವೇ.

ಮಕ್ಕಳೇ, ರಜೆಯಲ್ಲಿ ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಹಗೇವಿನ ಬಗ್ಗೆ ಕೇಳಿ, ಅವರು ಹೇಳಿದ್ದನ್ನು ಬರೆದಿಡಿ. ಹಳೆಯ ಹಗೇವು ಕಂಡರೆ ದೂರದಿಂದಲೇ ನೋಡಿ, ಎಂದೂ ಒಳಗಿಳಿಯಬೇಡಿ.