ಗೆಲುವು ಸೋಲುಗಳ ಲೆಕ್ಕದಲ್ಲಿ ರಹೀಂ ಸಾಹೇಬರ ಪಾಲು

1963ನೆಯ ಇಸವಿ ಜೂನ್ 11ರಂದು ಈ ಹೈದರಾಬಾದು ನಗರದಲ್ಲಿ ಕಾಲವಾದ ಸಯ್ಯದ್ ಅಬ್ದುಲ್ ರಹೀಂ ಅವರ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಈಚಿನವರೆಗೂ ಕೇಳಿರಲಾರರು. 2024ರಲ್ಲಿ ಅವರ ಜೀವನವನ್ನು ಆಧರಿಸಿದ ಮೈದಾನ್ ಎಂಬ ಹಿಂದೀ ಚಲನಚಿತ್ರವು ತೆರೆಗೆ ಬಂದ ಮೇಲೆ ಆ ಹೆಸರು ಮತ್ತೆ ಜನರ ಬಾಯಲ್ಲಿ ಸುಳಿಯತೊಡಗಿತು. ಚಿತ್ರವನ್ನು ನೋಡಿ ಬಂದ ತರುಣರು ಹನ್ನೊಂದು ಮಂದಿಯ ಆಟವನ್ನು ಹೊರಗೆ ನಿಂತ ಒಬ್ಬನೇ ಗೆಲ್ಲಿಸಿದನೆಂದು ಕೊಂಡಾಡುತ್ತಾರೆ. ಅದೇ ತರುಣರು ಕ್ರಿಕೆಟ್ಟಿನಲ್ಲಿ ನಮ್ಮವರು ಸೋತ ಮರುದಿನ ಬೆಳಿಗ್ಗೆ, ಇಡ್ಲಿಯ ತಟ್ಟೆ ಮೇಜಿಗೆ ಬರುವ ಮೊದಲೇ, ತರಬೇತುಗಾರನನ್ನು ಮನೆಗೆ ಕಳುಹಿಸಬೇಕೆಂದು ತೀರ್ಪು ಕೊಟ್ಟುಬಿಡುತ್ತಾರೆ. ಕಲಿಸುವವನಿಗೆ ಸಲ್ಲತಕ್ಕ ಕೀರ್ತಿಯೆಷ್ಟು, ಅವನು ಹೊರತಕ್ಕ ಅಪಕೀರ್ತಿಯೆಷ್ಟು ಎಂಬುದನ್ನು ಅಳೆಯುವುದಕ್ಕೆ ರಹೀಂ ಸಾಹೇಬರ ಬಾಳಿಗಿಂತ ಒಳ್ಳೆಯ ಉದಾಹರಣೆ ನಮಗೆ ತೋರದು. ಏಕೆಂದರೆ ಭಾರತದ ಕಾಲ್ಚೆಂಡಾಟದ ಅತ್ಯಂತ ದೊಡ್ಡ ಗೆಲುವುಗಳೂ ಅತ್ಯಂತ ನಾಚಿಕೆಯ ಸೋಲೂ ಈ ಒಬ್ಬ ಮಹನೀಯರ ಲೆಕ್ಕದಲ್ಲಿಯೇ ಬರೆಯಲ್ಪಟ್ಟಿವೆ.

ರಹೀಂ ಅವರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಆಗ ಕಲಬುರಗಿ, ಬೀದರ, ರಾಯಚೂರುಗಳೂ ಇದೇ ನಿಜಾಮರ ಸಂಸ್ಥಾನದಲ್ಲಿದ್ದವು; ಆದುದರಿಂದ ನಮ್ಮ ವಾಚಕರಲ್ಲಿ ಹಲವರ ಅಜ್ಜಂದಿರು ಅವರಿದ್ದ ಸಂಸ್ಥಾನದ ಪ್ರಜೆಗಳೇ ಆಗಿದ್ದರು. ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅದರ ತಂಡದಲ್ಲಿ ಆಡಿದರು, ಮುಂದೆ ಉಪಾಧ್ಯಾಯರಾದರು. ನಮ್ಮವರು ಇಂದಿಗೂ ಹೆಚ್ಚಾಗಿ ಓಡಾಡುವ ಕಾಚಿಗುಡದ ಮಿಡ್ಲ್ ಸ್ಕೂಲು, ಉರ್ದು ಶರೀಫ್ ಶಾಲೆ, ದಾರುಲ್ ಉಲೂಂ ಪ್ರೌಢಶಾಲೆ, ಚಾದರ್‌ಘಾಟ್ ಪ್ರೌಢಶಾಲೆ, ಇವೆಲ್ಲ ಅವರು ಪಾಠ ಹೇಳಿದ ಸ್ಥಳಗಳು. ಅನಂತರ ವ್ಯಾಯಾಮ ಶಿಕ್ಷಣದ ಡಿಪ್ಲೊಮಾ ಪಡೆದು ಮಕ್ಕಳನ್ನು ಬಯಲಿಗೆ ಇಳಿಸುವ ಕೆಲಸವನ್ನೇ ಮುಖ್ಯವಾಗಿ ಹಿಡಿದರು. ಮೇಷ್ಟರ ಸ್ವಭಾವ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1943ರಲ್ಲಿ ಅವರು ಹೈದರಾಬಾದು ಫುಟ್‌ಬಾಲ್ ಸಂಘದ ಕಾರ್ಯದರ್ಶಿಗಳಾದರು, ಸಾಯುವವರೆಗೂ ಆ ಸ್ಥಾನದಲ್ಲಿದ್ದರು. ಇಪ್ಪತ್ತು ವರ್ಷಗಳ ಈ ಗುಮಾಸ್ತಗಿರಿಯನ್ನು ಯಾವ ಚಲನಚಿತ್ರವೂ ವಿಸ್ತಾರವಾಗಿ ತೋರಿಸಲಾರದು. ಆದರೆ ನಮ್ಮ ಅಭಿಪ್ರಾಯದಲ್ಲಿ ಅವರ ಕೀರ್ತಿಯ ತಳಪಾಯ ಅಲ್ಲಿಯೇ ಇದೆ. ಸಂಘದ ಪರವಾಗಿ ಅವರು ವಿಚಿತ್ರವಾದ ಪಂದ್ಯಾವಳಿಗಳನ್ನು ಏರ್ಪಡಿಸಿದರು. ಒಂದರಲ್ಲಿ ಚೆಂಡನ್ನು ಕಾಲಿನಲ್ಲಿ ಆಡಿಸಿಕೊಂಡು ಓಡುವಂತಿಲ್ಲ. ಬಂದ ಚೆಂಡನ್ನು ಕೂಡಲೇ ಜೊತೆಯವನಿಗೆ ದಾಟಿಸಬೇಕು. ಇನ್ನೊಂದರಲ್ಲಿ ಬಲಗಾಲಿನವನು ಎಡಗಾಲಿನಿಂದಲೇ ಒದೆಯಬೇಕು, ಎಡಗಾಲಿನವನು ಬಲಗಾಲಿನಿಂದ. ಒಬ್ಬನೇ ಚೆಂಡನ್ನು ಹಿಡಿದು ನಾಲ್ವರನ್ನು ವಂಚಿಸಿ ಚಪ್ಪಾಳೆ ಗಿಟ್ಟಿಸುವುದೇ ದೊಡ್ಡ ಆಟವೆಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ ಈ ನಿಯಮಗಳು ಅನೇಕರಿಗೆ ಹುಚ್ಚೆಂದು ತೋರಿರಬಹುದು. ಹುಡುಗರು ಮಾತ್ರ ಕಲಿತರು. ಎರಡು ಕಾಲೂ ಬರುವ, ಚೆಂಡನ್ನು ಬಿಟ್ಟುಕೊಡಲು ಹಿಂಜರಿಯದ ಆಟಗಾರರ ಒಂದು ಪೀಳಿಗೆಯೇ ಈ ಊರಿನ ಬಯಲುಗಳಲ್ಲಿ ತಯಾರಾಯಿತು.

ನಾವು ಪತ್ರಿಕೆಯ ಕೆಲಸಕ್ಕೆ ಬರುವ ಮುನ್ನ ಹೋಟೆಲು ನಡೆಸಿದವರು. ಆದ್ದರಿಂದ ಈ ವಿಷಯವು ನಮಗೆ ಅಡಿಗೆಮನೆಯ ಭಾಷೆಯಲ್ಲಿಯೇ ಬೇಗ ತಿಳಿಯುತ್ತದೆ. ಗಿರಾಕಿಯು ದೋಸೆ ಚೆನ್ನಾಗಿದ್ದರೆ ಕಾವಲಿಯ ಮುಂದೆ ನಿಂತ ಭಟ್ಟರನ್ನು ಹೊಗಳುತ್ತಾನೆ, ಕೆಟ್ಟಿದ್ದರೆ ಗಲ್ಲಾದ ಮೇಲೆ ಕುಳಿತವನನ್ನು ಬಯ್ಯುತ್ತಾನೆ. ಹಿಂದಿನ ದಿನ ಅಕ್ಕಿ ಉದ್ದುಗಳನ್ನು ಹದವಾಗಿ ನೆನೆಸಿ ರುಬ್ಬಿದವನು ಅವನ ಕಣ್ಣಿಗೆ ಬೀಳುವುದಿಲ್ಲ. ರಹೀಂ ಸಾಹೇಬರು ಮೊದಲಿಗೆ ರುಬ್ಬಿದವರು. ಕಾವಲಿಯ ಮುಂದೆ ನಿಂತದ್ದು ತರುವಾಯ.

ಅವರು ಹೈದರಾಬಾದು ಸಿಟಿ ಪೊಲೀಸ್ ತಂಡದ ತರಬೇತಿಯನ್ನು ವಹಿಸಿಕೊಂಡುದು 1950ರ ಸುಮಾರಿಗೆ. ಆ ವರ್ಷದಿಂದ 1954ರವರೆಗೆ ಮುಂಬಯಿಯ ರೋವರ್ಸ್ ಕಪ್ಪನ್ನು ಒಂದು ವರ್ಷವೂ ಬಿಡದೆ ಐದು ಸಲ ಆ ತಂಡವು ಗೆದ್ದುಕೊಂಡಿತು. 1950ರ ಡ್ಯೂರಾಂಡ್ ಕಪ್ಪನ್ನೂ ಕಲಕತ್ತೆಯ ಹೆಸರಾಂತ ಮೋಹನ್ ಬಗಾನ್ ತಂಡವನ್ನು ಸೋಲಿಸಿ ತಂದಿತು. ಇದೆಲ್ಲವೂ ರಹೀಂ ಅವರ ಮಹಿಮೆಯೇ ಎಂದು ಬರೆಯುವುದು ಸುಲಭ. ಆದರೆ ನ್ಯಾಯವಾಗಿ ನೋಡಿದರೆ ಆ ತಂಡವು ಅವರು ಬರುವ ಮೊದಲೇ ಬಲವಾಗಿತ್ತು. ನಾರ್ಬರ್ಟ್ ಫ್ರೂವಾಲ್ ಎಂಬವರು ಅದನ್ನು ಪಳಗಿಸಿದ್ದರು. 1943ರಲ್ಲಿಯೇ ನಮ್ಮ ಬೆಂಗಳೂರಿನಲ್ಲಿ ನಡೆದ ಆಶ್ ಗೋಲ್ಡ್ ಕಪ್ ಪಂದ್ಯದಲ್ಲಿ ಈ ಪೊಲೀಸರು ಬ್ರಿಟಿಷ್ ವಾಯುಪಡೆಯ ತಂಡವನ್ನು ಸೋಲಿಸಿದ್ದರು. ಆ ತಂಡದಲ್ಲಿ ಇಂಗ್ಲೆಂಡಿನ ಪ್ರಖ್ಯಾತ ಡೆನಿಸ್ ಕಾಂಪ್ಟನ್ ಆಡಿದ್ದನು. ಕ್ರಿಕೆಟ್ ಬಲ್ಲವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಐದು ರೋವರ್ಸ್ ಕಪ್ಪುಗಳಲ್ಲಿ ಒಂದು ಪಾಲು ಫ್ರೂವಾಲರದು, ಒಂದು ಪಾಲು ಕವಾಯತು ಮುಗಿಸಿ ಬಂದು ಆಡುತ್ತಿದ್ದ ಪೊಲೀಸರದು. ಉಳಿದುದು ರಹೀಂ ಅವರದು. ಅದೇನೂ ಚಿಕ್ಕ ಪಾಲಲ್ಲ. ಒಮ್ಮೆ ಗೆಲ್ಲುವ ತಂಡವನ್ನು ಐದು ವರ್ಷ ಮೈಮರೆಯದಂತೆ ಇಟ್ಟುಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಯಾವ ಹೋಟೆಲಿನ ಮಾಲಿಕರನ್ನು ಕೇಳಿದರೂ ಹೇಳಿಯಾರು.

1951ರಲ್ಲಿ ದೆಹಲಿಯಲ್ಲಿ ಮೊದಲನೆಯ ಏಷ್ಯನ್ ಕ್ರೀಡಾಕೂಟ ನಡೆದಾಗ ರಹೀಂ ಅವರು ರಾಷ್ಟ್ರೀಯ ತಂಡದ ತರಬೇತುಗಾರರಾಗಿದ್ದರು. ಶೈಲೇನ್ ಮನ್ನಾ ಅವರ ನಾಯಕತ್ವದ ತಂಡವು ಅಂತಿಮ ಪಂದ್ಯದಲ್ಲಿ ಮೇವಾಲಾಲರ ಒಂದೇ ಗೋಲಿನಿಂದ ಇರಾನನ್ನು ಸೋಲಿಸಿ ಸ್ವರ್ಣ ಪದಕವನ್ನು ಪಡೆಯಿತು. ದೇಶವೆಲ್ಲ ಹಿಗ್ಗಿತು. ಮುಂದಿನ ವರ್ಷವೇ, 1952ರ ಜುಲೈ 15ರಂದು, ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಅದೇ ಗುರುವಿನ ತಂಡವು ಯುಗೊಸ್ಲಾವಿಯಾ ದೇಶದವರ ಕೈಯಲ್ಲಿ ಒಂದಕ್ಕೆ ಹತ್ತು ಗೋಲುಗಳಿಂದ ಸೋತಿತು. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ಪಂಚಪಾಂಡವರೆಂದು ಜನರು ಕರೆಯುತ್ತಿದ್ದ ಐವರು ಮುಂಪಡೆಯ ಆಟಗಾರರಲ್ಲಿ ಅವರೂ ಒಬ್ಬರು.

ಈ ಸೋಲಿಗೆ ಹೊಣೆ ಯಾರು? ಚಳಿಯ ದೇಶದ ಬಯಲಿನಲ್ಲಿ ನಮ್ಮ ಆಟಗಾರರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದರು. ಹುಟ್ಟಿದಂದಿನಿಂದ ಬರಿಗಾಲಿನಲ್ಲಿ ಆಡಿದವರ ಕಾಲಿಗೆ ಕೆಲವು ವಾರಗಳ ಶಿಬಿರದಲ್ಲಿ ಬೂಟು ಒಗ್ಗಿಸುವುದು ಯಾವ ಮೇಷ್ಟರಿಂದಲೂ ಆಗದ ಕೆಲಸ. ಎದುರಾಳಿಗಳೂ ಸಾಮಾನ್ಯರಲ್ಲ, ಆ ಕೂಟದಲ್ಲಿ ಬೆಳ್ಳಿಯ ಪದಕ ಅವರಿಗೇ ದೊರಕಿತು. ಇಷ್ಟನ್ನೆಲ್ಲ ಹೇಳಿದ ಮೇಲೂ ರಹೀಂ ಅವರನ್ನು ಪೂರ್ತಿಯಾಗಿ ಬಿಡಿಸಿಕೊಳ್ಳಲು ನಾವು ಸಿದ್ಧರಿಲ್ಲ. ತಂಡವನ್ನು ಬಯಲಿಗಿಳಿಸಿದವರು ಅವರು. ದೆಹಲಿಯ ಪದಕವನ್ನು ಅವರ ಲೆಕ್ಕಕ್ಕೆ ಜಮಾ ಮಾಡುವುದಾದರೆ ಹೆಲ್ಸಿಂಕಿಯ ಹತ್ತು ಗೋಲುಗಳನ್ನು ಖರ್ಚಿನ ಕಡೆಗೆ ಬರೆಯಲೇಬೇಕು. ಲೆಕ್ಕ ಬರೆಯುವ ನಮ್ಮ ಗುಮಾಸ್ತ ಬಂಧುಗಳು ಇದನ್ನು ಒಪ್ಪುವರೆಂದು ನಂಬಿದ್ದೇವೆ.

ಆದರೆ ಕಲಿಸುವವನ ನಿಜವಾದ ಬೆಲೆ ಸೋಲಿನ ಮರುದಿನದಿಂದ ಗೊತ್ತಾಗುತ್ತದೆ. ಆ ಸೋಲಿನ ತರುವಾಯ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬೂಟುಗಳನ್ನು ಕಡ್ಡಾಯ ಮಾಡಿತು. ರಹೀಂ ಅವರು ಹಂಗೆರಿ ಮುಂತಾದ ಯೂರೋಪಿನ ತಂಡಗಳ ರೀತಿಯನ್ನು ಅಭ್ಯಾಸ ಮಾಡಿ, ಮುಂಪಡೆಯ ನಡುವಣ ಆಟಗಾರನನ್ನು ಕೊಂಚ ಹಿಂದಕ್ಕೆ ಸರಿಸಿ ಎದುರಾಳಿಯ ಕಾವಲುಗಾರರನ್ನು ಗಲಿಬಿಲಿಗೊಳಿಸುವ ಹೊಸ ವ್ಯೂಹವನ್ನು ತಂದರು. 1958ರಲ್ಲಿ ಬ್ರೆಜಿಲ್ ದೇಶವು ಲೋಕಪ್ರಸಿದ್ಧಗೊಳಿಸಿದ ನಾಲ್ಕು, ಎರಡು, ನಾಲ್ಕರ ವ್ಯೂಹವನ್ನು ಅದಕ್ಕೂ ಮೊದಲೇ ಅವರು ಪ್ರಯೋಗಿಸಿದ್ದರೆಂದು ಕ್ರೀಡೆಯ ಚರಿತ್ರೆ ಬರೆದವರು ಹೇಳುತ್ತಾರೆ.

1956ರಲ್ಲಿ ಮೆಲ್ಬರ್ನಿನ ಒಲಿಂಪಿಕ್ಸ್. ಹಂಗೆರಿಯು ಬಾರದೆ ಇದ್ದುದರಿಂದ ಮೊದಲ ಸುತ್ತನ್ನು ನಮ್ಮವರು ಆಡದೆಯೇ ದಾಟಿದರು. ಅದು ಶುದ್ಧ ಅದೃಷ್ಟ, ಅದರ ಕೀರ್ತಿ ಯಾರಿಗೂ ಸಲ್ಲದು. ಎರಡನೆಯದರಲ್ಲಿ ಆಸ್ಟ್ರೇಲಿಯವನ್ನು ಅದರ ನೆಲದಲ್ಲಿಯೇ ನಾಲ್ಕಕ್ಕೆ ಎರಡರಿಂದ ಸೋಲಿಸಿದರು. ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲು ಹೊಡೆದರು. ಉಪಾಂತ್ಯದಲ್ಲಿ ಎದುರಾದುದು ಮತ್ತೆ ಅದೇ ಯುಗೊಸ್ಲಾವಿಯಾ. ಈ ಸಲ ಮೊದಲ ಗೋಲು ಭಾರತದ್ದು! ಕೊನೆಗೆ ನಾಲ್ಕಕ್ಕೆ ಒಂದರಿಂದ ಸೋತರೆಂಬುದು ನಿಜ. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯಕ್ಕೂ ಮಣಿದು ನಾಲ್ಕನೆಯ ಸ್ಥಾನಕ್ಕೆ ನಿಂತರು. ಆದರೆ ಅದೇ ಎದುರಾಳಿಯ ಮುಂದೆ ಹತ್ತು ಗೋಲು ತಿಂದವರು ನಾಲ್ಕು ವರ್ಷಗಳಲ್ಲಿ ಮುನ್ನಡೆ ಪಡೆಯುವಷ್ಟು ಬೆಳೆದರೆಂದರೆ ಆ ಅಂತರವನ್ನು ತುಂಬಿದವರು ಯಾರೆಂಬುದನ್ನು ವಾಚಕರೇ ನಿರ್ಣಯಿಸಬಹುದು. ಆ ತಂಡದಲ್ಲಿ ಹೈದರಾಬಾದಿನ ಅಜೀಜುದ್ದೀನ್, ನೂರ್ ಮಹಮ್ಮದ್, ಬಲರಾಂ ಮೊದಲಾದವರಿದ್ದರು. ನಮ್ಮ ಮೈಸೂರು ರಾಜ್ಯದ ಕೆಂಪಯ್ಯನವರೂ ಇದ್ದರು. ಒಲಿಂಪಿಕ್ಸಿನ ಕಾಲ್ಚೆಂಡಾಟದಲ್ಲಿ ಭಾರತವು ಆ ನಾಲ್ಕನೆಯ ಸ್ಥಾನವನ್ನು ಮುಂದೆ ಎಂದೂ ಮೀರಲಿಲ್ಲ.

1960ರ ರೋಮಿನಲ್ಲಿ ಹಂಗೆರಿಯ ಮುಂದೆ ಎರಡಕ್ಕೆ ಒಂದರ ಸೋಲು, ಫ್ರಾನ್ಸಿನ ಜೊತೆ ಒಂದೊಂದು ಗೋಲಿನ ಸಮ, ಪೆರುವಿನ ಮುಂದೆ ಮತ್ತೆ ಸೋಲು. ಆ ತಂಡಕ್ಕೆ ರಹೀಂ ಅವರ ಮಗ ಸಯ್ಯದ್ ಶಾಹಿದ್ ಹಕೀಂ ಸಹ ಆಯ್ಕೆಯಾಗಿದ್ದರು. ಮೂರು ಪಂದ್ಯಗಳಲ್ಲಿ ಒಂದರಲ್ಲಿಯೂ ತಂದೆಯು ಮಗನನ್ನು ಬಯಲಿಗಿಳಿಸಲಿಲ್ಲ. ಮಾಲಿಕನ ಮಗನೆಂಬ ಕಾರಣಕ್ಕೆ ಗಲ್ಲಾದಲ್ಲಿ ಕುಳ್ಳಿರಿಸುವ ನಮ್ಮ ವ್ಯಾಪಾರದ ಪದ್ಧತಿಯನ್ನು ನೆನೆದರೆ ಈ ಸಂಗತಿಯು ಸ್ವಲ್ಪ ಯೋಚನೆಗೆ ಹಚ್ಚುತ್ತದೆ.

ಇನ್ನು ಜಕಾರ್ತಾ, 1962. ರಹೀಂ ಅವರಿಗೆ ಶ್ವಾಸಕೋಶದ ಅರ್ಬುದ ರೋಗ ಹಿಡಿದಿತ್ತು. ಏಷ್ಯನ್ ಕ್ರೀಡಾಕೂಟದ ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯವು ಎರಡು ಗೋಲುಗಳಿಂದ ನಮ್ಮವರನ್ನು ಸೋಲಿಸಿತು. ಥಾಯ್‌ಲೆಂಡನ್ನು ಸೋಲಿಸಿದ ಪಂದ್ಯದಲ್ಲಿ ಹಿಂಪಡೆಯ ಆಧಾರಸ್ತಂಭವಾದ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಸಾಲದುದಕ್ಕೆ, ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕೂಟದಿಂದ ಹೊರಗಿಟ್ಟುದನ್ನು ಭಾರತದ ಪ್ರತಿನಿಧಿಯಾದ ಸೋಂಧಿಯವರು ಆಕ್ಷೇಪಿಸಿದ್ದರಿಂದ ಆತಿಥೇಯ ದೇಶದ ಜನರೆಲ್ಲ ನಮ್ಮವರ ಮೇಲೆ ಕೆರಳಿದ್ದರು. ಜಪಾನನ್ನು ಗೆದ್ದು ಉಪಾಂತ್ಯಕ್ಕೆ ಬಂದಾಗ ರಹೀಂ ಅವರು ಮಾಡಿದ ಕೆಲಸವು ಅಂದಿಗೆ ದುಡುಕೆಂದು ತೋರುವಂತಿತ್ತು. ಗಾಯದ ತಲೆಯ ಜರ್ನೈಲರನ್ನು ಹಿಂಪಡೆಯಿಂದ ಎತ್ತಿ ಮುಂಪಡೆಯ ನಡುವೆ ನಿಲ್ಲಿಸಿದರು. ಜರ್ನೈಲ್ ದಕ್ಷಿಣ ವಿಯೆಟ್ನಾಮಿನ ಮೇಲೆ ಒಂದು ಗೋಲು ಹೊಡೆದರು. ನಾಯಕ ಚುನ್ನಿ ಗೋಸ್ವಾಮಿ ಎರಡು. ಪಂದ್ಯ ಮೂರಕ್ಕೆ ಎರಡರಿಂದ ಕೈಗೆ ಬಂತು.

ಅಂತಿಮ ಪಂದ್ಯವು ಸೆಪ್ಟೆಂಬರ್ 4ರಂದು. ಎದುರಾಳಿ ಮತ್ತೆ ಕೊರಿಯ. ಹಿಂದಿನ ದಿನ ರಹೀಂ ಅವರು ಆಟಗಾರರನ್ನು ಕೂಡಿಸಿ ತಮಗೊಂದು ಕಾಣಿಕೆ ಬೇಕೆಂದೂ ಅದು ಮರುದಿನದ ಸ್ವರ್ಣ ಪದಕವೆಂದೂ ಕೇಳಿಕೊಂಡರೆಂದು ಆ ಆಟಗಾರರು ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ಜ್ವರದಿಂದ ಎದ್ದ ಪೀಟರ್ ತಂಗರಾಜ್ ಗೋಲಿನ ಕಾವಲಿಗೆ ನಿಂತರು. ಸುಮಾರು ಒಂದು ಲಕ್ಷ ಪ್ರೇಕ್ಷಕರ ಕೂಗಾಟದ ನಡುವೆ ಮೊದಲ ಇಪ್ಪತ್ತು ನಿಮಿಷಗಳಲ್ಲಿಯೇ ಪಿ. ಕೆ. ಬ್ಯಾನರ್ಜಿಯವರು ಒಂದು, ಜರ್ನೈಲರು ಒಂದು ಗೋಲು ಹೊಡೆದರು. ಕೊರಿಯದವರು ಕೊನೆಗಾಲದಲ್ಲಿ ಒಂದನ್ನು ಮಾತ್ರ ಹಿಂದಿರುಗಿಸಿದರು.

ವಾಚಕರು ಗಮನಿಸಬೇಕು: ಕೆಲವೇ ದಿನಗಳ ಹಿಂದೆ ಇದೇ ಕೊರಿಯದ ಮುಂದೆ ಇದೇ ಗುರುವಿನ ಇದೇ ತಂಡ ಸೋತಿತ್ತು. ಗುರು ಬದಲಾಗಿರಲಿಲ್ಲ, ಅವರು ಮಾಡಿದ್ದ ಏರ್ಪಾಟು ಬದಲಾಗಿತ್ತು. ಜರ್ನೈಲರನ್ನು ಮುಂದಕ್ಕೆ ಕಳುಹಿಸಿದ ಬುದ್ಧಿ ರಹೀಂ ಅವರದು. ಹೊಲಿಗೆ ಹಾಕಿದ ತಲೆಯೊಡನೆ ಆ ಗುಂಪಿನ ನಡುವೆ ನುಗ್ಗಿದ ಎದೆಗಾರಿಕೆ ಜರ್ನೈಲರದು. ಜರ್ನೈಲ್ ಮೊದಲ ಹತ್ತು ನಿಮಿಷಗಳಲ್ಲಿಯೇ ಕುಸಿದು ಬಿದ್ದಿದ್ದರೆ, ಗಾಯಗೊಂಡವನನ್ನು ಬಲಿಕೊಟ್ಟ ಮುದುಕನೆಂದು ರಹೀಂ ಅವರ ಹೆಸರು ಇತಿಹಾಸದಲ್ಲಿ ಉಳಿಯುತ್ತಿತ್ತು. ಆ ಅಪಾಯವನ್ನು ತಿಳಿದೂ ತಿಳಿದೂ ಹೊತ್ತುಕೊಂಡುದಕ್ಕೆ ಅವರಿಗೆ ಸಲ್ಲುವ ಗೌರವವನ್ನು ನಾವು ಪದಕಕ್ಕಿಂತ ಹೆಚ್ಚಿನದೆಂದು ಎಣಿಸುತ್ತೇವೆ.

ಒಂಬತ್ತು ತಿಂಗಳಲ್ಲಿ ಅವರು ತೀರಿಕೊಂಡರು, ವಯಸ್ಸು ಐವತ್ತಮೂರು. 1964ರಲ್ಲಿ ಇಸ್ರೇಲಿನಲ್ಲಿ ನಡೆದ ಏಷ್ಯನ್ ಕಪ್ಪಿನಲ್ಲಿ ಹ್ಯಾರಿ ರೈಟ್ ಎಂಬ ಆಂಗ್ಲ ತರಬೇತುಗಾರರ ಕೈಕೆಳಗೆ ಭಾರತವು ಎರಡನೆಯ ಸ್ಥಾನ ಪಡೆಯಿತು. ಆಡಿದವರಲ್ಲಿ ಹಲವರು ರಹೀಂ ಅವರು ತಿದ್ದಿದವರೇ. ಆ ಕೀರ್ತಿಯನ್ನು ಯಾರ ಖಾತೆಗೆ ಬರೆಯುವುದು? 1966ರ ಬ್ಯಾಂಕಾಕ್ ಕೂಟದಲ್ಲಿ ತಂಡವು ಮೊದಲ ಹಂತವನ್ನೇ ದಾಟಲಿಲ್ಲ. 1970ರಲ್ಲಿ ಹೈದರಾಬಾದಿನವರೇ ಆದ ನಯೀಮುದ್ದೀನರ ನಾಯಕತ್ವದಲ್ಲಿ ಒಂದು ಕಂಚು ಬಂತು. ಅನಂತರ ಏಷ್ಯನ್ ಕೂಟದ ಕಾಲ್ಚೆಂಡಾಟದಲ್ಲಿ ಪದಕವಿಲ್ಲ. 1965-66ರಲ್ಲಿ ಒಮ್ಮೆ ಆಂಧ್ರಪ್ರದೇಶವು ಸಂತೋಷ್ ಟ್ರೋಫಿಯನ್ನು ಗೆದ್ದುದು ಬಿಟ್ಟರೆ ಈ ಊರಿನ ಆಟವೂ ಇಳಿಯುತ್ತಲೇ ಹೋಯಿತು. ಒಬ್ಬರ ಮರಣದಿಂದಲೇ ಹೀಗಾಯಿತೆಂದರೆ ಅತಿಶಯೋಕ್ತಿ. ಆಡುವ ಬಯಲುಗಳು ಕಟ್ಟಡಗಳಾದವು. ಒಳ್ಳೆಯ ಆಟಗಾರರು ಕಲಕತ್ತೆಯ ಸಂಘಗಳಿಗೆ ಹೊರಟುಹೋದರು. ಎಡಗಾಲಿನ ಪಂದ್ಯಾವಳಿಯನ್ನು ನಡೆಸುವ ಕಾರ್ಯದರ್ಶಿಗಳು ಮತ್ತೆ ಸಿಕ್ಕಲಿಲ್ಲವೆಂಬುದೂ ಆ ಕಾರಣಗಳಲ್ಲಿ ಒಂದು.

ತರಬೇತುಗಾರರಿಗೆ ಸರಕಾರವು ಕೊಡುವ ದ್ರೋಣಾಚಾರ್ಯ ಪ್ರಶಸ್ತಿಯು ಆರಂಭವಾದುದು 1985ರಲ್ಲಿ, ಅವರು ತೀರಿಕೊಂಡು ಇಪ್ಪತ್ತೆರಡು ವರ್ಷಗಳಾದ ಮೇಲೆ. ರೋಮಿನಲ್ಲಿ ಹೊರಗೆ ಕುಳಿತಿದ್ದ ಮಗ ಹಕೀಂ ಅವರು ಮುಂದೆ ಅಂತರರಾಷ್ಟ್ರೀಯ ಪಂದ್ಯಗಳ ತೀರ್ಪುಗಾರರಾದರು, ತಾವೂ ತರಬೇತುಗಾರರಾದರು, 2017ರಲ್ಲಿ ಧ್ಯಾನ್ ಚಂದ್ ಪ್ರಶಸ್ತಿಯನ್ನು ಪಡೆದರು. 2021ರ ಆಗಸ್ಟ್ 22ರಂದು ಅವರು ನಮ್ಮ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದರು.