ಉಸಿರಿನ ಯಂತ್ರದ ಪ್ರಶ್ನೆಗೆ ಉತ್ತರ ಕೊಟ್ಟ ಜಗದ್ಗುರು

ನಿಮ್ಮ ಮನೆಯಲ್ಲಿ ಹೃದಯ ಸೋತ ಹಿರಿಯರೊಬ್ಬರಿದ್ದಾರೆ ಎಂದುಕೊಳ್ಳಿ. ಕಾಲು ಬಾತಿವೆ. ಮಲಗಿದರೆ ಉಸಿರು ಕಟ್ಟುತ್ತದೆ, ರಾತ್ರಿಯೆಲ್ಲಾ ದಿಂಬಿಗೊರಗಿ ಕುಳಿತೇ ಇರುತ್ತಾರೆ. ಗೋಕಾಕದಿಂದಲೋ ಮೂಡಲಗಿಯಿಂದಲೋ ಹುಕ್ಕೇರಿಯಿಂದಲೋ ಬೆಳಗಾವಿಗೆ ಎಷ್ಟೋ ಸಲ ಕರೆದೊಯ್ದಿದ್ದೀರಿ. ಈ ಸಲ ವೈದ್ಯರು, ಉಸಿರಾಟದ ಯಂತ್ರ ಹಾಕೋಣವೇ ಎಂದು ಕೇಳುತ್ತಾರೆ. ಬೇಡವೆಂದರೆ ಅಪ್ಪನನ್ನು ನಾವೇ ಕೊಂದಂತಾಗುವುದೇ? ಇದೇ ಪ್ರಶ್ನೆಗೆ ಬಹಳ ಹಿಂದೆ ಉತ್ತರ ಹೇಳಿದವರೊಬ್ಬರ ಬಾಳನ್ನು ಇಂದು ತಿಳಿಯೋಣ.

ಎವುಜೆನಿಯೊ ಪಾಚೆಲ್ಲಿ 1876ರ ಮಾರ್ಚ್ 2ರಂದು ರೋಮಿನ ವಕೀಲರ ಮನೆತನದಲ್ಲಿ ಹುಟ್ಟಿದರು. 1899ರಲ್ಲಿ ಗುರುದೀಕ್ಷೆ ಪಡೆದರು. 1917ರಿಂದ ಹನ್ನೆರಡು ವರ್ಷ ಜರ್ಮನಿಯಲ್ಲಿ ಜಗದ್ಗುರುಗಳ ರಾಯಭಾರಿಯಾಗಿದ್ದರು. 1939ರಲ್ಲಿ, ತಮ್ಮ 63ನೇ ಹುಟ್ಟುಹಬ್ಬದ ದಿನವೇ, ಹನ್ನೆರಡನೇ ಪಿಯುಸ್ ಎಂಬ ಹೆಸರಿನಲ್ಲಿ ಜಗದ್ಗುರುಗಳಾದರು. ಮಹಾಯುದ್ಧದ ಕಾಲದ ಅವರ ಮೌನವನ್ನು ಕುರಿತು ಇತಿಹಾಸಕಾರರ ವಾದ ಇನ್ನೂ ಮುಗಿದಿಲ್ಲ; ಅದು ಬೇರೆಯೇ ವಿಷಯ. ನಮಗೆ ಹತ್ತಿರದ ಸಂಗತಿಯೆಂದರೆ, 1953ರ ಸೆಪ್ಟೆಂಬರ್ 19ರಂದು ಬೆಳಗಾವಿ ಧರ್ಮಪ್ರಾಂತ್ಯವನ್ನು ಸ್ಥಾಪಿಸಿದವರು ಇವರೇ.

ಮರುವರ್ಷ ಹೊಟ್ಟೆಬೇನೆ, ಬಿಡದ ಬಿಕ್ಕಳಿಕೆಗಳಿಂದ ಅವರು ಸಾವಿನ ಬಾಗಿಲವರೆಗೆ ಹೋಗಿ ಬಂದರು. ಹಾಗಾಗಿ ರೋಗಿಯ ಹಾಸಿಗೆ ಅವರಿಗೆ ಪುಸ್ತಕದಲ್ಲಿ ಓದಿದ ವಿಷಯವಾಗಿರಲಿಲ್ಲ.

ಆ ದಿನಗಳಲ್ಲಿ ಉಸಿರಾಟದ ಯಂತ್ರ ಆಸ್ಪತ್ರೆಗಳಿಗೆ ಆಗಷ್ಟೇ ಬಂದಿತ್ತು. ಪ್ರಜ್ಞೆ ಮರಳುವ ಆಸೆಯಿಲ್ಲದವರೂ ಅದರಿಂದ ಉಸಿರಾಡುತ್ತಿದ್ದರು. ಇನ್ಸ್‌ಬ್ರುಕ್‌ನ ಅರಿವಳಿಕೆ ತಜ್ಞ ಡಾ. ಬ್ರೂನೊ ಹೈಡ್ ಈ ತೊಡಕನ್ನು ಜಗದ್ಗುರುಗಳ ಮುಂದಿಟ್ಟರು. 1957ರ ನವೆಂಬರ್ 24ರಂದು ಉತ್ತರ ಬಂತು. ಜೀವವನ್ನು ಕಾಪಾಡಿಕೊಳ್ಳುವುದು ಕರ್ತವ್ಯ, ಆದರೆ ಸಾಮಾನ್ಯ ಉಪಾಯಗಳಿಂದ ಮಾತ್ರ. ರೋಗಿಗಾಗಲಿ ಮನೆಯವರಿಗಾಗಲಿ ಹೊರಲಾರದ ಭಾರವಾಗುವ ಚಿಕಿತ್ಸೆಗೆ ಯಾರೂ ಕಟ್ಟುಬಿದ್ದಿಲ್ಲ ಎಂದರು. ಯಾವುದು ಸಾಮಾನ್ಯ ಎಂಬುದು ವ್ಯಕ್ತಿ, ಸ್ಥಳ, ಕಾಲಗಳನ್ನು ನೋಡಿ ತೀರ್ಮಾನವಾಗಬೇಕು. ರೋಗಿಯ ಒಪ್ಪಿಗೆಯಿಲ್ಲದೆ ವೈದ್ಯರಿಗೆ ಪ್ರತ್ಯೇಕ ಹಕ್ಕಿಲ್ಲ. ಪ್ರಜ್ಞೆಯಿಲ್ಲದವರ ಪರವಾಗಿ ಮನೆಯವರು ಮಾತಾಡುವಾಗ, ತಮ್ಮ ಇಷ್ಟವನ್ನಲ್ಲ, ಆ ರೋಗಿ ಏನು ಬಯಸುತ್ತಿದ್ದರೋ ಅದನ್ನೇ ಹೇಳಬೇಕು. (ಎಷ್ಟು ಮನೆಗಳಲ್ಲಿ ಅಣ್ಣತಮ್ಮಂದಿರು ಊರವರ ಬಾಯಿಗೆ ಹೆದರಿ ತೀರ್ಮಾನ ಮಾಡುತ್ತಾರೆಂದು ನಿಮಗೇ ಗೊತ್ತು.) ಇಂಥ ಸ್ಥಿತಿಯಲ್ಲಿ ಯಂತ್ರ ತೆಗೆದರೆ ಅದು ಕೊಲೆಯಲ್ಲ, ದಯಾಮರಣವೂ ಅಲ್ಲ ಎಂದೂ ಸ್ಪಷ್ಟಪಡಿಸಿದರು. ಅದೇ ವರ್ಷದ ಫೆಬ್ರವರಿಯಲ್ಲಿ, ಬೇರೆ ದಾರಿ ಇಲ್ಲದಿದ್ದಾಗ ನೋವು ತಣಿಸಲೆಂದೇ ಕೊಡುವ ಔಷಧದಿಂದ ಆಯುಸ್ಸು ಸ್ವಲ್ಪ ಕುಗ್ಗಿದರೂ ಅದು ತಪ್ಪಲ್ಲ ಎಂದಿದ್ದರು.

ಇಷ್ಟು ಹೇಳಿದವರ ಸಾವು ಮಾತ್ರ ಶಾಂತವಾಗಿರಲಿಲ್ಲ. 1958ರ ಅಕ್ಟೋಬರಿನಲ್ಲಿ ಕಾಸ್ಟೆಲ್ ಗಂಡೋಲ್ಫೊದಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. 9ರ ಬೆಳಗಿನ ಜಾವ, 82ನೇ ವಯಸ್ಸಿನಲ್ಲಿ, ಪ್ರಾಣ ಬಿಟ್ಟರು. ಅವರ ಖಾಸಗಿ ವೈದ್ಯ ಗಲೆಯಾಜ್ಜಿ ಲೀಸಿ, ಓದಿನಿಂದ ಕಣ್ಣಿನ ವೈದ್ಯ, ಸಾಯುತ್ತಿದ್ದ ಜಗದ್ಗುರುಗಳ ಚಿತ್ರಗಳನ್ನೂ ವಿವರಗಳನ್ನೂ ಪತ್ರಿಕೆಗಳಿಗೆ ಮಾರಿದ. ರೋಗಿಯ ಹಕ್ಕಿನ ಬಗ್ಗೆ ಅಷ್ಟು ಯೋಚಿಸಿದವರಿಗೇ ಹೀಗಾಯಿತಲ್ಲ ಎಂದು ಮನಸ್ಸು ಮರುಗುತ್ತದೆ.

ನಮ್ಮ ದೇಶದ ಕಾನೂನು ಈ ಮಾತಿಗೆ ಬರಲು ತಡವಾಯಿತು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಈ ಹಕ್ಕನ್ನು ಒಪ್ಪಿತು. 2023ರಲ್ಲಿ ವಿಧಾನವನ್ನು ಸರಳ ಮಾಡಿತು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರವೂ ಆದೇಶ ಹೊರಡಿಸಿತು. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರು ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡಬಹುದು. ತಮ್ಮ ಪರವಾಗಿ ಮಾತಾಡುವ ಆಪ್ತರ ಹೆಸರು ಅದರಲ್ಲಿರಬೇಕು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಚಿಕಿತ್ಸೆ ನಿಲ್ಲಿಸುವ ಮುನ್ನ ಮೂವರು ವೈದ್ಯರ ಒಂದು ಮಂಡಳಿ, ಆಮೇಲೆ ಇನ್ನೊಂದು ಮಂಡಳಿ ಪರೀಕ್ಷಿಸುತ್ತವೆ.

ಮುಂದಿನ ಸಲ ಬೆಳಗಾವಿಗೆ ಹೊರಡುವ ಮೊದಲೇ ಅಪ್ಪನ ಪಕ್ಕ ಕುಳಿತು ಕೇಳಿ: ಯಂತ್ರ ಬೇಕೇ, ಮನೆಯಲ್ಲೇ ಇರಬೇಕೇ, ಯಾರ ಮಾತು ನಡೆಯಬೇಕು? ಎದೆಯಲ್ಲಿ ಶಾಕ್ ಕೊಡುವ ಸಾಧನ ಇಟ್ಟಿದ್ದರೆ, ಕೊನೆಗಾಲದಲ್ಲಿ ಆ ಶಾಕನ್ನು ಮಾತ್ರ ನಿಲ್ಲಿಸಬಹುದೇ ಎಂದು ವೈದ್ಯರನ್ನು ವಿಚಾರಿಸಿ. ಯಂತ್ರ ಬೇಡವೆಂದರೂ ಉಸಿರುಗಟ್ಟುವ ಸಂಕಟಕ್ಕೆ ಔಷಧ ಬೇಕೆಂದು ಕೇಳಲು ಮರೆಯಬೇಡಿ. ಗುರುಗಳನ್ನೂ ಕೊನೆಯ ಉಸಿರಿನ ತನಕ ಕಾಯದೆ, ಹಿರಿಯರಿಗೆ ಮಾತು ಬರುವಾಗಲೇ ಅಭ್ಯಂಗ ಸಂಸ್ಕಾರಕ್ಕೆ ಕರೆಯಿರಿ.